ಆಚೆ ದಡ, ಆಚೆಕೇರಿ

ನಮ್ಮೂರಿನ ಹೊಳೆ ಈಗ ಹರಿಯುವ ಜಾಗದಲ್ಲಿ ಮೊದಲು ಹರಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮ ದೊಡ್ಡಜ್ಜಿಯ ಕಥೆ ಅರ್ಥವಾಗುವುದಿಲ್ಲ.

ಊರು ಎರಡು ಬೆಟ್ಟಗಳ ನಡುವೆ ಇದೆ. ಮೊದಲು ಹೊಳೆ ಊರಿನ ಮಧ್ಯದಲ್ಲೇ ಇತ್ತು. ಒಂದು ಕಡೆ ಅಂಗಡಿ, ಶಾಲೆ, ಅಂಚೆ ಕಚೇರಿ ಇರುವ ಸಾಲು, ಅದು ಈಚೆಕೇರಿ. ಇನ್ನೊಂದು ಕಡೆ ಇಪ್ಪತ್ತೆರಡು ಮನೆಗಳ ಸಾಲು, ಅದು ಆಚೆಕೇರಿ. ನಡುವೆ ಮೂರು ಕಮಾನುಗಳ ಕಲ್ಲಿನ ಸೇತುವೆ. ದೊಡ್ಡಜ್ಜಿಗೆ ಹನ್ನೊಂದು ವರ್ಷವಾಗಿದ್ದಾಗ ಮೇಲಿನ ಬೆಟ್ಟದ ಒಂದು ಮಗ್ಗುಲು ಜಾರಿ ಹೊಳೆಯೊಳಗೆ ಕೂತಿತು. ಹೊಳೆ ಪಕ್ಕಕ್ಕೆ ತಿರುಗಿ, ಈಚೆಕೇರಿಯ ಹಿಂದಿದ್ದ ಹುಲ್ಲುಗಾವಲನ್ನು ಕೊರೆದುಕೊಂಡು ಹೊರಟಿತು. ಅಂಚೆ ಕಚೇರಿಯ ಮುಂಬಾಗಿಲಿನಲ್ಲಿದ್ದ ಹೊಳೆ ಒಂದೇ ಬೆಳಗಿನಲ್ಲಿ ಹಿಂಬಾಗಿಲಿಗೆ ಬಂತು. ಎರಡು ಕೇರಿಗಳೂ ಒಂದೇ ದಡದವಾದವು. ಹಳೆಯ ಪಾತ್ರದಲ್ಲಿ ಬರೀ ಗುಂಡುಕಲ್ಲು ಉಳಿಯಿತು. ಅದರ ಮೇಲೆ ಸೇತುವೆ ಸುಮ್ಮನೆ ನಿಂತುಕೊಂಡಿತು.

ಹೊಳೆ ಜಾಗ ಬಿಟ್ಟರೂ ಜನರ ಮಾತು ಜಾಗ ಬಿಡಲಿಲ್ಲ. ಒಣಗಿದ ಕಲ್ಲುಗಳ ಆಚೆಯದ್ದು ಆಚೆಕೇರಿಯಾಗಿಯೇ ಉಳಿಯಿತು. ಆಚೆಕೇರಿಯಿಂದ ಉಪ್ಪು ತರಲು ಬಂದವರು ‘ಹೊಳೆ ದಾಟಿ ಬಂದೆ’ ಎಂದೇ ಹೇಳುತ್ತಿದ್ದರು. ‘ಕಾಲು ನೆನೀಲೇ ಇಲ್ವಲ್ಲ’ ಎಂದು ಅಂಗಡಿಯವನು ತಮಾಷೆ ಮಾಡುತ್ತಿದ್ದ. ಅದೇ ತಮಾಷೆಯನ್ನು ಅವನ ಮಗನೂ ಮಾಡಿದ. ಕೆಲವು ವರ್ಷಗಳ ಮೇಲೆ ಹೊಸ ಹೊಳೆಯ ಆ ಬದಿಯ ತಗ್ಗಿನಲ್ಲಿ ಮರ ಕೊಯ್ಯುವ ಸಾಮಿಲ್ಲು ಬಂತು. ಅಲ್ಲಿಗೆ ಹೋಗಲು ಹಗ್ಗದ ತೂಗುಸೇತುವೆ ಕಟ್ಟಿದರು. ಆ ಬದಿಯನ್ನು ಯಾರೂ ಆಚೆ ಎನ್ನಲಿಲ್ಲ. ‘ಆಚೆ’ ಎಂಬ ಮಾತು ಆಗಲೇ ಬೇರೆ ಕಡೆ ಖರ್ಚಾಗಿಹೋಗಿತ್ತು. ಅದನ್ನು ‘ಸಾಮಿಲ್ಲಿನ ಕಡೆ’ ಎಂದರು.

ನಮ್ಮ ದೊಡ್ಡಜ್ಜಿ ಎಂದರೆ ನನ್ನ ಅಮ್ಮನ ದೊಡ್ಡಮ್ಮ, ನನ್ನ ಅಜ್ಜಿಯ ಅಕ್ಕ. ಊರಿಗೆಲ್ಲ ಅವಳು ಗಿಳಿಯಕ್ಕ. ಇಪ್ಪತ್ತೊಂದನೆಯ ವಯಸ್ಸಿನಿಂದ ಅಂಚೆ ಕಚೇರಿಯ ಫೋನು ನೋಡಿಕೊಳ್ಳುತ್ತಿದ್ದಳು. ಊರಿಗೆ ಇದ್ದದ್ದು ಅದೊಂದೇ ಫೋನು. ಗೋಡೆಗೆ ಸಿಕ್ಕಿಸಿದ ಕಪ್ಪು ಪೆಟ್ಟಿಗೆ, ಅದರ ಕೆಳಗೆ ಒಂದು ಮರದ ಹಲಗೆ, ಹಲಗೆಯ ಮೇಲೆ ಚೀಟಿಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ಸಿಲು. ಚೀಟಿಯ ಕೆಳಗೆ ಕಾರ್ಬನ್ ಹಾಳೆ. ಯಾರಾದರೂ ಫೋನು ಮಾಡಿದರೆ ಅವಳು ಮೊದಲು ಹೇಳುತ್ತಿದ್ದ ಮಾತು ಒಂದೇ, ‘ಹೇಳಿ, ಬರ್ಕೋತೀನಿ.’ ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಬರೆದದ್ದನ್ನು ಫೋನಿನಲ್ಲೇ ಓದಿ ಒಪ್ಪಿಸಿ, ಚೀಟಿ ಹರಿದು ಟಪಾಲಿನವನ ಕೈಗೆ ಕೊಡುತ್ತಿದ್ದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಅದಕ್ಕೇ ಗಿಳಿಯಕ್ಕ.

ಅವಳ ಬಗ್ಗೆ ಊರಿನಲ್ಲಿ ಒಂದು ಕಥೆ ಇದೆ. ಬಡಗಿಯೊಬ್ಬ ಪಟ್ಟಣದ ಅಂಗಡಿಯೊಂದರಿಂದ ಫೋನು ಮಾಡಿ, ‘ನನ್ನ ಹೆಂಡ್ತಿಗೆ ಹೇಳಿ, ನಾನು ಇವತ್ತು... ಅಯ್ಯೋ ಕಾಲು... ಬರೋದಿಲ್ಲ ಅಂತ’ ಎಂದನಂತೆ. ಚೀಟಿಯಲ್ಲಿ ಹಾಗೇ ಇತ್ತು. ಬಡಗಿಯ ಹೆಂಡತಿ ಗಂಡನ ಕಾಲು ಮುರಿದಿದೆ ಎಂದು ಅಳುತ್ತ ಸಿಕ್ಕಿದ ಲಾರಿ ಹತ್ತಿ ಪಟ್ಟಣಕ್ಕೆ ಹೋದಳು. ಅಲ್ಲಿ ನೋಡಿದರೆ ಗಂಡ ಚಹಾ ಕುಡಿಯುತ್ತ ಕೂತಿದ್ದ. ಫೋನು ಮಾಡುವಾಗ ಯಾರೋ ಅವನ ಕಾಲು ತುಳಿದಿದ್ದರು, ಅಷ್ಟೇ.

‘ಅಷ್ಟೂ ತಿಳಿಯೋದಿಲ್ವಾ ಗಿಳಿಯಕ್ಕ ನಿನಗೆ?’ ಎಂದು ಆಕೆ ವಾಪಸ್ಸು ಬಂದು ಜಗಳವಾಡಿದಳು.

‘ತಿಳಿಯೋದು ನಿಮ್ಮ ಕೆಲಸ. ಬರೆಯೋದು ನನ್ನ ಕೆಲಸ’ ಎಂದಳಂತೆ ದೊಡ್ಡಜ್ಜಿ.

ಅವಳು ಮದುವೆಯಾಗಲಿಲ್ಲ. ‘ಫೋನನ್ನೇ ಕಟ್ಟಿಕೊಂಡಿದಾಳೆ, ಅದು ಎದುರು ಮಾತಾಡೋದು ಅವಳು ಕೇಳಿದಾಗ ಮಾತ್ರ’ ಎಂದು ಗಂಡಸರು ನಗುತ್ತಿದ್ದರು. ತಂಗಿಗೆ, ಅಂದರೆ ನನ್ನ ಅಜ್ಜಿಗೆ, ಅವಳೇ ಮುಂದೆ ನಿಂತು ಮದುವೆ ಮಾಡಿದಳು. ಅಜ್ಜನಿಗೆ ಸಾಮಿಲ್ಲಿನಲ್ಲಿ ಗರಗಸಕ್ಕೆ ದಿಮ್ಮಿ ಕೊಡುವ ಕೆಲಸ. ಅಜ್ಜಿ, ಅಜ್ಜ, ನಾಲ್ಕು ವರ್ಷದ ನನ್ನ ಅಮ್ಮ ಮೂವರೂ ಆಚೆಕೇರಿಯ ಕೊನೆಯ ಮನೆಯಲ್ಲಿದ್ದರು. ಅಜ್ಜ ಬೆಳಗ್ಗೆ ಬುತ್ತಿ ಹಿಡಿದು ಹೊರಟರೆ ಮೊದಲು ಕಲ್ಲಿನ ಸೇತುವೆ, ಅಂಚೆ ಕಚೇರಿ, ಆಮೇಲೆ ತೂಗುಸೇತುವೆ. ಹೋಗುವಾಗ ಕಿಟಕಿಯೊಳಗೆ ತಲೆ ಹಾಕಿ, ‘ಅಕ್ಕಾ, ನನಗೇನಾದ್ರೂ ಫೋನ್ ಬಂದಿದೆಯಾ?’ ಎಂದು ಕೇಳುತ್ತಿದ್ದನಂತೆ. ಅವನಿಗೆ ಫೋನು ಮಾಡುವವರು ಯಾರೂ ಇರಲಿಲ್ಲ. ‘ಬಂದಿದೆ, ಬೇಗ ಕೆಲಸಕ್ಕೆ ಹೋಗು ಅಂತ’ ಎಂದು ದೊಡ್ಡಜ್ಜಿ ಉತ್ತರ ಕೊಡುತ್ತಿದ್ದಳು.

ಊರಿನಿಂದ ಹತ್ತು ಮೈಲಿ ಮೇಲೆ ಹೊಳೆಯ ಪಕ್ಕದಲ್ಲಿ ಒಂದು ಅಳತೆ ಚೌಕಿ ಇತ್ತು. ಅಲ್ಲಿ ಹೊರಗಿನ ಊರಿನವರೊಬ್ಬರು ಐದು ವರ್ಷದಿಂದ ಒಬ್ಬರೇ ಇದ್ದರು. ನೀರಿನಲ್ಲಿ ನೆಟ್ಟ ಅಳತೆಕೋಲನ್ನು ದಿನಕ್ಕೆ ಎರಡು ಸಲ ನೋಡಿ, ನೀರು ಎಷ್ಟಿದೆ, ದಡ ಎಲ್ಲಿ ಕೊರೆದಿದೆ ಎಂದು ಫೋನಿನಲ್ಲಿ ಹೇಳುವುದು ಅವರ ಕೆಲಸ. ತಿಂಗಳಿಗೊಮ್ಮೆ ಹೊಳೆಯುದ್ದಕ್ಕೂ ನಡೆದು ದಡ ನೋಡಿಕೊಂಡು ಹೋಗುತ್ತಿದ್ದರು, ಊರೊಳಗೆ ಬರುತ್ತಿರಲಿಲ್ಲ. ದೊಡ್ಡಜ್ಜಿ ಅವರು ಹೇಳಿದ್ದನ್ನು ಬರೆದು, ವಾರದ ಚೀಟಿಗಳನ್ನೆಲ್ಲ ಕಟ್ಟಿ ದೊಡ್ಡ ಕಚೇರಿಗೆ ಟಪಾಲಿನಲ್ಲಿ ಕಳಿಸುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದಿನಕ್ಕೆ ಎರಡು ಸಲ ಧ್ವನಿ ಮಾತ್ರ.

ಆ ವರ್ಷ ಮಳೆ ಎಂಟು ದಿನ ಬಿಟ್ಟಿರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಮಳೆ ಜೋರಾಗಿರುವಾಗಲೇ ಹೊಳೆ ಇಳಿಯಿತು. ಊರಿನವರಿಗೆ ಸಮಾಧಾನವಾಯಿತು. ಸಾಮಿಲ್ಲಿನ ಕೆಲವರು ಬರಿದಾದ ಪಾತ್ರಕ್ಕೆ ಇಳಿದು ಸಿಕ್ಕಿಕೊಂಡಿದ್ದ ದಿಮ್ಮಿಗಳನ್ನು ಎಳೆಯತೊಡಗಿದರು. ಚೌಕಿಯವರಿಗೆ ಮಾತ್ರ ಗೊತ್ತಿತ್ತು, ಮಳೆ ಸುರಿಯುವಾಗ ಹೊಳೆ ಇಳಿದರೆ ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಕೂತಿದೆ ಎಂದು ಅರ್ಥ. ಆ ಕಟ್ಟೆ ಒಡೆದರೆ ನೀರು ಒಮ್ಮೆಲೇ ಬರುತ್ತದೆ. ಹತ್ತೂವರೆಗೆ ಅವರು ಫೋನು ಮಾಡಿದರು. ದೊಡ್ಡಜ್ಜಿ ಎಂದಿನಂತೆ ‘ಹೇಳಿ, ಬರ್ಕೋತೀನಿ’ ಎಂದಳು. ಅವರು ಹೇಳಿದರು, ಅವಳು ಬರೆದಳು. ಓದಿ ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ ಲೈನು ಸತ್ತಿತು.

ಚೀಟಿಯಲ್ಲಿ ಹೀಗಿತ್ತು: ‘ಆಚೆಕೇರಿಯವರನ್ನು ತಕ್ಷಣ ಖಾಲಿ ಮಾಡಿಸಿ. ನೀರು ಬರುತ್ತದೆ.’

ಟಪಾಲಿನವನು ಸೀಟಿ ಊದುತ್ತ ಕಲ್ಲಿನ ಸೇತುವೆ ದಾಟಿ ಓಡಿದ. ಹೊಳೆ ಒಂದಲ್ಲ ಒಂದು ದಿನ ತನ್ನ ಹಳೆಯ ಹಾದಿಗೆ ತಿರುಗುತ್ತದೆ ಎಂದು ಹಿರಿಯರು ಯಾವಾಗಲೂ ಹೆದರಿಸುತ್ತಿದ್ದರಿಂದ ಆಚೆಕೇರಿಯಲ್ಲಿ ಯಾರೂ ಎರಡನೇ ಮಾತು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಮನೆಗಳೂ ಖಾಲಿಯಾದವು. ಅಜ್ಜಿ ನನ್ನ ಅಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಉಳಿದವರ ಜೊತೆ ಬೆಟ್ಟ ಹತ್ತಿದಳು. ಗಂಡ ಕೆಲಸದಲ್ಲಿದ್ದಾನೆ, ಅವನಿಗೆ ಭಯವಿಲ್ಲ ಎಂದುಕೊಂಡಿದ್ದಳು. ಮೇಲೆ ನಿಂತು ನೋಡುತ್ತಿದ್ದ ಹಾಗೆ ನೀರು ಬಂತು. ಅದು ಆಚೆಕೇರಿಯ ಕಡೆಗೆ ತಿರುಗಲೇ ಇಲ್ಲ. ಈಚೆಕೇರಿಯ ಹಿಂದೆ ಎತ್ತರದ ಕಲ್ಲುಗೋಡೆ ಇತ್ತು, ಅದನ್ನೂ ಮುಟ್ಟಲಿಲ್ಲ. ಹೊಳೆಯ ಆ ಬದಿಯ ತಗ್ಗಿಗೆ ನುಗ್ಗಿ ಸಾಮಿಲ್ಲನ್ನು ಎತ್ತಿಕೊಂಡು ಹೋಯಿತು. ಗರಗಸದ ಸದ್ದಿನಲ್ಲಿ ಒಳಗಿದ್ದವರಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಒಂಬತ್ತು ಜನ ಹೋದರು. ಅಜ್ಜ ಮೂರನೆಯ ದಿನ ನಾಲ್ಕು ಮೈಲಿ ಕೆಳಗೆ ಸಿಕ್ಕಿದ.

ದೊಡ್ಡಜ್ಜಿ ಅದನ್ನು ಅಂಚೆ ಕಚೇರಿಯ ಹಿಂಬಾಗಿಲಿನಿಂದ ನೋಡಿದಳು. ಕೈಯಲ್ಲಿ ಸತ್ತ ಫೋನಿನ ರಿಸೀವರ್ ಇತ್ತು ಎಂದು ಟಪಾಲಿನವನು ಹೇಳುತ್ತಿದ್ದ. ಅದರ ವೈರು ಹಿಂಬಾಗಿಲಿನವರೆಗೆ ಮುಟ್ಟುವುದಿಲ್ಲ, ಆದ್ದರಿಂದ ಇದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ.

ಹದಿನೈದು ದಿನಗಳ ನಂತರ ಶಾಲೆಯ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು ಬಂದಿದ್ದರು. ಚೌಕಿಯವರಿಂದ ಮೊದಲೇ ಬರೆಸಿಕೊಂಡಿದ್ದ ಹೇಳಿಕೆಯನ್ನು ಓದಿದರು. ‘ನಾನು ಆಚೆ ದಡದವರನ್ನು ಖಾಲಿ ಮಾಡಿಸಿ ಎಂದು ಹೇಳಿದೆ. ಹೊಳೆಯ ಆಚೆ ದಡ. ಆಚೆಕೇರಿ ಎಂಬ ಹೆಸರೇ ನನಗೆ ಗೊತ್ತಿಲ್ಲ’ ಎಂದು ಅದರಲ್ಲಿತ್ತು. ಐದು ವರ್ಷ ಈ ಊರಿಗೆ ಫೋನು ಮಾಡಿದವರಿಗೆ ಕೇರಿಯ ಹೆಸರು ಗೊತ್ತಿಲ್ಲವೇ ಎಂದು ಅಧಿಕಾರಿಗಳು ನಕ್ಕರು. ದೊಡ್ಡಜ್ಜಿಯನ್ನು ಕರೆದು ಕೇಳಿದರು.

‘ಹೇಳಿದ್ದನ್ನ ಹೇಳಿದ ಹಾಗೆ ಬರೆದಿದೀನಿ’ ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಹಾಗೆಂದೇ ಅವಳು ನಂಬಿದ್ದಳು. ಊರಿಗೆ ಊರೇ ಎದ್ದು ನಿಂತು ಸಾಕ್ಷಿ ಹೇಳಿತು. ಬಡಗಿಯ ಹೆಂಡತಿ ‘ಅಯ್ಯೋ ಕಾಲು’ ಕಥೆಯನ್ನು ಅಧಿಕಾರಿಗಳಿಗೆ ಹೇಳಿ, ‘ಇವಳು ಒಂದಕ್ಷರ ಬಿಡೋಳಲ್ಲ ಸ್ವಾಮಿ’ ಎಂದಳು. ಚೌಕಿಯವರನ್ನು ಕೆಲಸದಿಂದ ತೆಗೆದರು.

ಅಜ್ಜಿ ಮಗಳನ್ನು ಕರೆದುಕೊಂಡು ಅಂಚೆ ಕಚೇರಿಯ ಹಿಂದಿನ ಎರಡು ಕೋಣೆಗಳಿಗೆ ಅಕ್ಕನ ಜೊತೆ ಇರಲು ಬಂದಳು. ಅಕ್ಕತಂಗಿಯರು ಮೂವತ್ತೊಂದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದರು. ಅಜ್ಜಿ ದಿನಾ ಹಿಂಬಾಗಿಲಿನ ಮೆಟ್ಟಿಲಿಳಿದು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವಾಗ ಪ್ರತಿ ಬಟ್ಟೆಗೂ ಒಂದು ಮಾತು ಬರುತ್ತಿತ್ತು, ‘ಆ ಚೌಕಿಯವನ ನಾಲಿಗೆ ಬಿದ್ದುಹೋಗ.’ ನಾನು ಚಿಕ್ಕವಳಿದ್ದಾಗ ಅದು ಬಟ್ಟೆ ಒಗೆಯುವಾಗ ಎಲ್ಲರೂ ಹೇಳುವ ಮಾತು ಎಂದುಕೊಂಡಿದ್ದೆ. ಆಮೇಲೆ ಅವಳು ಅಕ್ಕನ ಕಡೆ ತಿರುಗಿ, ‘ನೀನು ಚೀಟಿ ಕಳಿಸಿದ್ದಕ್ಕೆ ನಾನೂ ಮಗೂನೂ ಬೆಟ್ಟ ಹತ್ತಿದ್ವಿ ಅಕ್ಕ. ಇಲ್ದಿದ್ರೆ ಸೌದೆ ಚೂರು ತರೋಕೆ ಅಂತ ಅಲ್ಲಿಗೇ ಹೋಗ್ತಿದ್ವೇನೋ’ ಎನ್ನುತ್ತಿದ್ದಳು.

ಅಮ್ಮ ದೊಡ್ಡವಳಾಗಿ, ಮದುವೆಯಾಗಿ, ಕೆಳಗಿನ ಪಟ್ಟಣದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು. ಮನೆಮನೆಗೆ ಫೋನು ಬಂದು ಗೋಡೆಯ ಕಪ್ಪು ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದರು. ದೊಡ್ಡಜ್ಜಿಗೆ ಅರವತ್ತೈದಾಗಿದ್ದಾಗ, ನಾನು ಶಾಲೆ ಬಿಟ್ಟು ಅವರಿಬ್ಬರ ಜೊತೆ ಇರಲು ಬಂದ ವರ್ಷ, ಒಂದು ಬೆಳಗ್ಗೆ ಬಸ್ಸಿಳಿದ ಒಬ್ಬರು ನಮ್ಮ ಜಗಲಿಯ ಮುಂದೆ ನಿಂತರು. ಹೆಗಲ ಮೇಲೆ ಮೂರು ಕಾಲಿನ ಅಳತೆಯ ಸಾಮಾನಿತ್ತು. ಕೊಚ್ಚಿಹೋದ ತೂಗುಸೇತುವೆಯ ಜಾಗದಲ್ಲಿ ಹೊಸ ಸೇತುವೆ ಕಟ್ಟಲು ಅಳತೆ ಮಾಡುವವರು. ನಾನು ಮತ್ತು ದೊಡ್ಡಜ್ಜಿ ಜಗಲಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆವು.

‘ಆಚೆ ದಡಕ್ಕೆ ಹೋಗೋದು ಹೇಗಮ್ಮ?’ ಎಂದು ಕೇಳಿದರು.

‘ಅಗೋ, ಆ ಕಲ್ಲಿನ ಸೇತುವೆ ದಾಟಿ ಬಲಕ್ಕೆ ಹೋಗಿ’ ಎಂದಳು ದೊಡ್ಡಜ್ಜಿ, ಸೂಜಿಯಿಂದ ಕಣ್ಣೆತ್ತದೆ.

ಅವರು ಹೋದರು. ಅರ್ಧ ಗಂಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ವಾಪಸ್ಸು ಬಂದರು. ಕೋಪವೇನೂ ಇರಲಿಲ್ಲ, ನಗುತ್ತಿದ್ದರು.

‘ಏನಜ್ಜಿ, ಸೇತುವೆ ಇದೆ, ಹೊಳೇನೇ ಇಲ್ವಲ್ಲ ಅಲ್ಲಿ.’

‘ನೀವು ಆಚೆಕೇರಿ ಅಂದ್ರಲ್ಲ?’

‘ಆಚೆ ದಡ ಅಂದೆ.’

‘ಇಲ್ಲ. ಆಚೆಕೇರಿ ಅಂದ್ರಿ.’

‘ಈ ಊರಲ್ಲಿ ಅಂಥದ್ದೊಂದು ಕೇರಿ ಇದೆ ಅಂತ ನನಗೆ ಗೊತ್ತಾಗಿದ್ದೇ ಈಗ ನಿಮ್ಮ ಬಾಯಿಂದ’ ಎಂದರು ಅವರು.

ದೊಡ್ಡಜ್ಜಿ ನನ್ನ ಕಡೆ ತಿರುಗಿದಳು. ‘ಪುಟ್ಟಿ, ಇವರು ಏನಂದ್ರು? ಅಂದಿದ್ದನ್ನ ಅಂದ ಹಾಗೇ ಹೇಳು.’

ನನಗೆ ಅದು ಅಷ್ಟು ದೊಡ್ಡ ಪ್ರಶ್ನೆ ಎಂದು ಗೊತ್ತಿರಲಿಲ್ಲ. ‘ಆಚೆ ದಡಕ್ಕೆ ಹೋಗೋದು ಹೇಗಮ್ಮ, ಅಂದ್ರು’ ಎಂದೆ.

ಅಳತೆಯವರು ಬೇರೆ ಯಾರನ್ನೋ ಕೇಳಿಕೊಂಡು ಹೋದರು. ದೊಡ್ಡಜ್ಜಿ ಆಮೇಲೆ ಗುಂಡಿ ಹೊಲಿಯಲಿಲ್ಲ. ಒಳಗೆ ಹೋಗಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದಳು. ಅದರಲ್ಲಿ ಅವಳು ಬರೆದ ಚೀಟಿಗಳ ಕಾರ್ಬನ್ ಪ್ರತಿಗಳೆಲ್ಲ ವರ್ಷದ ಪ್ರಕಾರ ಕಟ್ಟಿಟ್ಟಿದ್ದವು. ಚೌಕಿಯವರು ಇದ್ದ ಐದು ವರ್ಷಗಳ ಕಟ್ಟು ಬಿಚ್ಚಿ ಒಂದೊಂದನ್ನೇ ಓದಿದಳು. ಅವಳ ಕಣ್ಣು ಸೋತಾಗ ನಾನು ಓದಿದೆ. ಓದಿ ಮುಗಿಸಲು ಆರು ದಿನ ಬೇಕಾಯಿತು. ಅಜ್ಜಿ, ‘ಏನಕ್ಕ, ಪರೀಕ್ಷೆ ಏನಾದ್ರೂ ಕಟ್ಟಿದೀಯಾ?’ ಎಂದು ತಮಾಷೆ ಮಾಡಿದಳು. ದೊಡ್ಡಜ್ಜಿ ಮುಂದಿನ ಚೀಟಿ ಎತ್ತಿಕೊಂಡಳು.

ಸಿಕ್ಕಿದ್ದು ಮೂರು ಚೀಟಿ. ಒಂದರಲ್ಲಿ, ‘ಆಚೆಕೇರಿಯ ಕಡೆ ಹೊಳೆ ಎರಡು ಅಡಿ ಕೊರೆದಿದೆ.’ ಇನ್ನೊಂದರಲ್ಲಿ, ‘ಆಚೆಕೇರಿಯ ಕಡೆ ನೀರು ಹುಲ್ಲಿಗೆ ಬಂದಿದೆ.’ ಮೂರನೆಯದರಲ್ಲಿ, ‘ಆಚೆಕೇರಿಯ ಕಡೆ ದಿಮ್ಮಿಗಳು ನೀರಿಗೆ ತಾಗಿವೆ.’ ಮೂರೂ ಚೌಕಿಯವರು ಹೇಳಿ ಅವಳು ಬರೆದದ್ದು. ಆಚೆಕೇರಿಯಲ್ಲಿ ಆಗ ಹೊಳೆಯೇ ಇರಲಿಲ್ಲ. ದಿಮ್ಮಿಗಳಿದ್ದದ್ದು ಸಾಮಿಲ್ಲಿನಲ್ಲಿ. ಅವರು ಐದು ವರ್ಷವೂ ಆಚೆ ದಡ ಎಂದೇ ಹೇಳುತ್ತಿದ್ದರು. ಅವಳ ಕೈ ಐದು ವರ್ಷವೂ ಆಚೆಕೇರಿ ಎಂದೇ ಬರೆಯುತ್ತಿತ್ತು. ಬರೆದದ್ದನ್ನು ಓದಿ ಒಪ್ಪಿಸುವಾಗ ಬಾಯಿ ಮತ್ತೆ ದಡ ಎಂದು ಹೇಳಿತೋ, ಅಥವಾ ಆ ಕಡೆಯವರು ಗಮನಿಸಲಿಲ್ಲವೋ, ಅದು ಈಗ ಗೊತ್ತಾಗುವುದಿಲ್ಲ. ದೊಡ್ಡ ಕಚೇರಿಯಲ್ಲಿ ಆ ಚೀಟಿಗಳನ್ನು ಯಾರೂ ಸರಿಯಾಗಿ ಓದಿರಲಿಕ್ಕಿಲ್ಲ.

ದೊಡ್ಡಜ್ಜಿ ಆ ಮೂರರ ಪಕ್ಕದಲ್ಲಿ ಆ ದಿನದ ಚೀಟಿಯನ್ನೂ ಇಟ್ಟಳು. ನಾಲ್ಕೂ ಒಂದೇ ಅಕ್ಷರ, ದುಂಡಗೆ, ಒಂದು ಚೂರೂ ಹೊಡೆದು ತಿದ್ದಿದ್ದಿರಲಿಲ್ಲ.

ಚೌಕಿಯವರು ಬದುಕಿದ್ದಾರೆಯೇ ಎಂದು ಹುಡುಕಲು ಎರಡು ತಿಂಗಳು ಹಿಡಿಯಿತು. ಅಮ್ಮನ ಮೂಲಕ ವಿಚಾರಿಸಿದೆವು, ಯಾಕೆಂದು ಅಮ್ಮನಿಗೂ ಹೇಳಲಿಲ್ಲ. ಅವರು ಕೆಳಗಿನ ಪಟ್ಟಣದಲ್ಲೇ ಮಗಳ ಮನೆಯಲ್ಲಿದ್ದರು. ಅಜ್ಜಿಗೆ ಕಣ್ಣಿನ ಆಸ್ಪತ್ರೆಗೆ ಎಂದು ಹೇಳಿ ನಾನೂ ದೊಡ್ಡಜ್ಜಿಯೂ ಬಸ್ಸು ಹತ್ತಿದೆವು.

ಅಳಿಯನದ್ದು ಇಸ್ತ್ರಿ ಅಂಗಡಿ. ಮುಂದೆ ಅಳಿಯ ಇಸ್ತ್ರಿ ಹಾಕುತ್ತಿದ್ದ. ಹಿಂದೆ ಸ್ಟೂಲಿನ ಮೇಲೆ ತೆಳ್ಳಗಿನ ಒಬ್ಬ ಮುದುಕರು ಕೂತು, ಬಟ್ಟಲಿನ ನೀರಿನಲ್ಲಿ ಬೆರಳದ್ದಿ ಬಟ್ಟೆಗಳ ಮೇಲೆ ಚಿಮುಕಿಸಿ, ಸುರುಳಿ ಸುತ್ತಿ ಇಡುತ್ತಿದ್ದರು. ನಾವು ಯಾರು ಎಂದು ಅಳಿಯ ಕೇಳಿದ. ದೊಡ್ಡಜ್ಜಿ ಕೈಚೀಲದ ಬಾಯಿ ಬಿಚ್ಚತೊಡಗಿದಳು. ಅಳಿಯ ನಾವು ಗಿರಾಕಿಗಳೆಂದುಕೊಂಡು, ‘ಏನು ಕೊಡ್ಬೇಕು, ಹೇಳಿ’ ಎಂದ.

‘ಹೇಳೋದು ನಾನಲ್ಲ. ಅವರು ಹೇಳಲಿ, ಬರ್ಕೋತೀನಿ’ ಎಂದುಬಿಟ್ಟಳು ದೊಡ್ಡಜ್ಜಿ.

ಮುದುಕರ ಕೈ ನೀರಿನಲ್ಲೇ ನಿಂತಿತು. ಅವರು ಅವಳ ಮುಖ ನೋಡಲಿಲ್ಲ, ತಲೆ ಬಗ್ಗಿಸಿಕೊಂಡೇ ಇದ್ದರು. ‘ಅಂಚೆ ಕಚೇರಿಯವರು’ ಎಂದರು.

ಒಳಗೆ ಕರೆದು ಕೂರಿಸಿದರು. ಮಗಳು ಚಹಾ ತಂದಳು. ದೊಡ್ಡಜ್ಜಿ ಚಹಾ ಮುಟ್ಟದೆ, ಕೈಚೀಲದಿಂದ ನಾಲ್ಕು ಚೀಟಿ ತೆಗೆದು ಅವರ ಮೊಣಕಾಲಿನ ಮೇಲೆ ಇಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅವರು ಕೇಳಿದರು. ಚೀಟಿಗಳನ್ನು ಒಂದೊಂದಾಗಿ ಓದಿದರು.

‘ನನ್ನ ಹೆಂಡ್ತಿ ಒಂದು ಸಲ ಕೇಳಿದ್ಲು’ ಎಂದರು ಕೊನೆಗೆ. ‘ನಿಜ ಹೇಳಿ, ದಡ ಅಂದಿದ್ರಾ ಅಂತ. ಆಗ ಗಟ್ಟಿಯಾಗಿ ಹೌದು ಅಂದೆ. ಅವಳು ಹೋದ್ಮೇಲೆ ನಂಗೇ ಅನುಮಾನ ಬರೋಕೆ ಶುರುವಾಯ್ತು. ಇಡೀ ಊರು ಒಂದು ಮಾತು ಹೇಳುವಾಗ ನಾನೊಬ್ಬನೇ ಸರಿ ಇರೋಕಾಗುತ್ತಾ ಅಂತ. ಹತ್ತು ವರ್ಷದಿಂದ ಬಹುಶಃ ನಾನೇ ತಪ್ಪು ಹೇಳಿದೆ ಅಂತಲೇ ಇದ್ದೆ.’

‘ನೀವು ಸರಿಯಾಗೇ ಹೇಳಿದ್ರಿ.’

‘ಇದನ್ನ ಬರೆದು ಕೊಡ್ತೀರಾ? ಮಗಳಿಗೆ ಓದೋಕೆ.’

ದೊಡ್ಡಜ್ಜಿ ಪೆನ್ನನ್ನು ನನ್ನ ಕೈಗೆ ಕೊಟ್ಟು ಹೇಳಿದಳು, ನಾನು ಬರೆದೆ. ‘ಚೌಕಿಯವರು ಆಚೆ ದಡ ಎಂದು ಹೇಳಿದರು’ ಎಂಬಲ್ಲಿಯವರೆಗೆ ಅವಳು ಹೇಳಿದ ಹಾಗೆ ಬರೆದೆ. ಮುಂದಿನ ವಾಕ್ಯದಲ್ಲಿ ನನಗೆ ಅವಳ ಮೇಲೆ ಕನಿಕರ ಬಂತು. ‘ನಾನು ತಪ್ಪಾಗಿ ಕೇಳಿಸಿಕೊಂಡೆ’ ಎಂದು ಬರೆದೆ. ಅವಳು ಕನ್ನಡಕ ಏರಿಸಿ ಓದಿದಳು.

‘ಇದು ನಾನು ಹೇಳಿದ್ದಲ್ಲ.’

‘ಅರ್ಥ ಒಂದೇ ಅಲ್ವಾ ದೊಡ್ಡಜ್ಜಿ?’

‘ನಂಗೂ ಆವತ್ತು ಅರ್ಥ ಒಂದೇ ಅನ್ನಿಸಿತ್ತು. ಹೊಡೆದು ಹಾಕು. ಕೇಳಿಸಿಕೊಂಡಿದ್ದು ಸರಿಯಾಗೇ. ಬರೆದದ್ದು ತಪ್ಪು. ಹಾಗೆ ಬರಿ.’

ಹಾಗೆ ಬರೆದೆ. ಚೌಕಿಯವರು ಅದನ್ನು ಓದಿ, ಅಂಗಿ ಮಡಿಸುವ ಹಾಗೆ ಎರಡೂ ಬದಿ ಒಳಗೆ ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ನಾವು ಹೊರಡುವಾಗ, ‘ನಿಮ್ಮ ತಂಗಿಯ ಯಜಮಾನ್ರೂ ಹೋದ್ರು ಅಂತ ಕೇಳಿದ್ದೆ. ತಂಗಿಗೆ ಹೇಳಿದ್ರಾ?’ ಎಂದು ಕೇಳಿದರು.

‘ಇನ್ನೂ ಇಲ್ಲ. ಅವಳು ದಿನಾ ನಿಮ್ಮನ್ನ ಬೈತಾಳೆ.’

‘ಬೈಲಿ ಬಿಡಿ. ಇಷ್ಟು ದೂರ ಕೇಳಿಸಲ್ಲ ನಂಗೆ.’

‘ನಂಗೆ ಕೇಳಿಸುತ್ತಲ್ಲ’ ಎಂದಳು ದೊಡ್ಡಜ್ಜಿ.

ಮನೆಗೆ ಬಂದ ಮರುದಿನ ಮಧ್ಯಾಹ್ನ ಅಜ್ಜಿ ಹಿಂಬಾಗಿಲಿನ ಮೆಟ್ಟಿಲಿನ ಮೇಲೆ ಕೂತು ಹರಿದ ಸ್ವೆಟರಿನ ತೋಳು ಹೆಣೆಯುತ್ತಿದ್ದಳು. ದೊಡ್ಡಜ್ಜಿ ಅವಳ ಪಕ್ಕದಲ್ಲಿ ಕೂತು ಚೀಟಿಗಳನ್ನು ಮೆಟ್ಟಿಲಿನ ಮೇಲೆ ಸಾಲಾಗಿ ಇಟ್ಟಳು. ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಕಲ್ಲು ಇಟ್ಟಳು. ಅಜ್ಜಿ ಓದಿದಳು. ಮತ್ತೆ ಓದಿದಳು.

‘ಈ ಎರಡು ಅಡಿ ಕೊರೆದಿದ್ದು ಎಲ್ಲಿ?’

‘ಸಾಮಿಲ್ಲಿನ ಕಡೆ.’

‘ಹಂಗಾದ್ರೆ ಈ ಆಚೆಕೇರಿ ಅಂತ ಬರೆದಿದ್ದು ಯಾರು?’

‘ನಾನು.’

‘ಅವನು ಏನಂದಿದ್ದ?’

‘ಆಚೆ ದಡ.’

ಅಜ್ಜಿ ಹೊಳೆಯ ಆ ಬದಿಯನ್ನು ನೋಡಿದಳು. ಅಲ್ಲಿ ಈಗ ಬರೀ ಪೊದೆ ಬೆಳೆದಿದೆ.

‘ನಿಂಗೆ ಯಾವಾಗ ಗೊತ್ತಾಯ್ತು?’

‘ಎರಡು ತಿಂಗಳಾಯ್ತು.’

‘ನಿನ್ನೆ ಕಣ್ಣಿನ ಆಸ್ಪತ್ರೆ ಅಂದಿದ್ದು?’

‘ಅವರನ್ನ ನೋಡೋಕೆ ಹೋಗಿದ್ದೆ.’

‘ನನಗಿಂತ ಮೊದಲು’ ಎಂದಳು ಅಜ್ಜಿ. ಅಷ್ಟೇ. ಸ್ವೆಟರಿನ ತೋಳನ್ನು ಕೊನೆಯವರೆಗೆ ಹೆಣೆದು ದಾರ ಕತ್ತರಿಸಿ ಎದ್ದು ಒಳಗೆ ಹೋದಳು.

ಸಂಜೆ ಅಡುಗೆಮನೆಯಿಂದ ಅವಳ ಧ್ವನಿ ಬಂತು, ‘ಊಟಕ್ಕೆ ಬನ್ನಿ.’ ಯಾರೋ ಹೊರಗಿನವರು ಬಂದಿದ್ದಾರೆ ಎಂದು ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಅಜ್ಜಿ ಅಕ್ಕನನ್ನು ಕರೆದಿದ್ದಳು.

ಹುಟ್ಟಿದಾಗಿನಿಂದ ಅವಳು ಅಕ್ಕನಿಗೆ ‘ನೀನು’ ಎಂದವಳು. ಆ ದಿನದಿಂದ ‘ನೀವು’ ಎಂದಳು. ‘ಅಕ್ಕ’ ಎಂಬ ಮಾತೂ ಹೋಯಿತು. ‘ನೀರು ಕಾದಿದೆ, ಸ್ನಾನ ಮಾಡಿ.’ ‘ನಿಮ್ಮ ಕನ್ನಡಕ ಕಿಟಕೀಲಿದೆ ನೋಡಿ.’ ಒಂದು ದಿನವೂ ಊಟ ತಪ್ಪಿಸಲಿಲ್ಲ, ದೊಡ್ಡಜ್ಜಿಯ ಸೀರೆಗಳನ್ನೂ ತನ್ನದರ ಜೊತೆಗೇ ಒಗೆದಳು. ಒಗೆಯುವಾಗ ಈಗ ಬಾಯಿಂದ ಏನೂ ಬರುತ್ತಿರಲಿಲ್ಲ. ಕಲ್ಲಿಗೆ ಬಟ್ಟೆ ಬೀಳುವ ಸದ್ದು ಮಾತ್ರ. ವಾರಕ್ಕೊಮ್ಮೆ ಬರುತ್ತಿದ್ದ ಅಮ್ಮ ವಿಷಯ ತಿಳಿದು ತಾಯಿಯ ಹತ್ತಿರ ಕೂತಳು.

‘ಅಮ್ಮ, ಮೂವತ್ತು ವರ್ಷ ಆಗಿಹೋಯ್ತು. ದೊಡ್ಡಮ್ಮ ಬೇಕಂತ ಮಾಡಿದ್ದಾ? ಹೀಗೆ ಮಾಡಿದ್ರೆ ಹೇಗೆ?’

‘ನಾನೇನು ಮಾಡಿದೆ? ಮರ್ಯಾದೆ ಕೊಟ್ಟೇ ಮಾತಾಡಿಸ್ತಿದೀನಲ್ಲ’ ಎಂದಳು ಅಜ್ಜಿ.

ದೊಡ್ಡಜ್ಜಿ ಊರಿನವರಿಗೂ ಹೇಳಿದಳು. ಮನೆಮನೆಗೆ ಹೋಗಿ, ಚೀಟಿ ತೋರಿಸಿ ಹೇಳಿದಳು. ಊರು ನಂಬಲಿಲ್ಲ. ‘ಗಿಳಿಯಕ್ಕ ತಪ್ಪು ಬರೆಯೋದಾ? ಅರವತ್ತಕ್ಕೆ ಅರಳುಮರಳು’ ಎಂದ ಮುದುಕನಾಗಿದ್ದ ಟಪಾಲಿನವನು. ಬಡಗಿಯ ಹೆಂಡತಿ ಮತ್ತೆ ‘ಅಯ್ಯೋ ಕಾಲು’ ಕಥೆ ಹೇಳಿ ಅವಳನ್ನೇ ಸಮಾಧಾನ ಮಾಡಿ ಕಳಿಸಿದಳು. ಊರಿನಲ್ಲಿ ಅವಳ ಮಾತನ್ನು ಪೂರ್ತಿ ನಂಬಿದವಳು ಅಜ್ಜಿ ಒಬ್ಬಳೇ.

ಹೀಗೆ ಎರಡು ವರ್ಷ ನಡೆಯಿತು. ಹೊಸ ಸೇತುವೆಯ ಕಂಬಗಳು ಎದ್ದವು. ಚಳಿಗಾಲದ ಕೊನೆಯಲ್ಲಿ ದೊಡ್ಡಜ್ಜಿ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಅಜ್ಜಿ ಹತ್ತಿರ ಬೇರೆ ಯಾರನ್ನೂ ಬಿಡಲಿಲ್ಲ, ಎಲ್ಲವನ್ನೂ ತಾನೇ ಮಾಡಿದಳು. ಬೆನ್ನು ಒರೆಸುವುದು, ಮಗ್ಗುಲು ತಿರುಗಿಸುವುದು, ಗಂಜಿ ಕುಡಿಸುವುದು. ‘ಈ ಕಡೆ ತಿರುಗಿ.’ ‘ಕಾಲು ಮಡಚಿ.’ ‘ನೋವಾಯ್ತಾ ನಿಮಗೆ?’ ನಾನು ಬಾಗಿಲ ಹತ್ತಿರ ಕೂತು ಕೇಳುತ್ತಿದ್ದೆ. ಪ್ರತಿ ಸಲವೂ ಈ ಸಲ ಮಾತು ಬದಲಾಗಬಹುದು ಎಂದುಕೊಳ್ಳುತ್ತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಅಜ್ಜಿ ದಿಂಬನ್ನು ಎತ್ತರ ಮಾಡಿ, ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕೂತಳು. ನಾಲ್ಕು ಚಮಚ ಕುಡಿದ ಮೇಲೆ ದೊಡ್ಡಜ್ಜಿ ತಂಗಿಯ ಮಣಿಕಟ್ಟು ಹಿಡಿದುಕೊಂಡಳು.

‘ಒಂದು ಸಲ’ ಎಂದಳು. ಉಸಿರು ಸಾಲದೆ ನಿಂತಳು. ‘ಒಂದೇ ಒಂದು ಸಲ ನೀನು ಅನ್ನೇ.’

ಅಜ್ಜಿ ಅಕ್ಕನ ಬೆರಳುಗಳನ್ನು ಬಿಡಿಸಲಿಲ್ಲ. ಅಕ್ಕ ಹಿಡಿದಿದ್ದ ಆ ಕೈಯಿಂದಲೇ ಬಟ್ಟಲಿನಲ್ಲಿ ಚಮಚ ಅದ್ದಿ, ತಳ ಒರೆಸಿ, ಒಂದು ಸಲ ಊದಿ ಮುಂದೆ ಹಿಡಿದಳು.

‘ಬಾಯಿ ತೆಗೀರಿ’ ಎಂದಳು. ‘ಆರಿಹೋಗುತ್ತೆ.’

ದೊಡ್ಡಜ್ಜಿ ಬಾಯಿ ತೆಗೆದಳು.